ಮಾದಿಹಳ್ಳಿಗೆ ಒಯ್ದ ಕಲ್ಲಿದ್ದಲಿನ ವರದಿ

ಬೆಳಗಿನ ರೈಲಿನಿಂದ ಅರಸೀಕೆರೆಯಲ್ಲಿ ಇಳಿದಾಗ ಎಳೆಬಿಸಿಲು. ಹೊರಗೆ ಎರಡು ತಟ್ಟೆ ಇಡ್ಲಿ ತಿಂದು ಹಳೇಬೀಡಿನ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಜಾವಗಲ್ ಮೇಲೆ ಗಂಟೆಗೂ ಹೆಚ್ಚಿನ ದಾರಿ. ಬ್ಯಾಗಿನಲ್ಲಿ ನಂಜುಂಡಪ್ಪನವರಿಗೆ ಕೊಡಬೇಕಾದ ಕಾಗದವಿತ್ತು. ಅಂಚೆಗೆ ಹಾಕಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ನಾನು ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಕಲ್ಲಿದ್ದಲು ಪರೀಕ್ಷಿಸುವವಳು. ನಂಜುಂಡಪ್ಪನವರು ಅಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅವರ ನಿವೃತ್ತಿಗೆ ಮುಂಚಿನ ಮಳೆಗಾಲದಲ್ಲಿ ಬೆಂಕಿ ಮಂಕಾಗಿ, ಹಬೆ ಇಳಿದು, ಒಂದು ಘಟಕ ನಿಂತೇಹೋಯಿತು. ಇದ್ದಲು ಸರಿಯಿಲ್ಲ ಎಂದರು ಅವರು. ಸರಿಯಿದೆ ಎಂದಿತು ನನ್ನ ವರದಿ. ಮೇಲಿನವರು ವರದಿಯನ್ನು ನಂಬಿ, ತಪ್ಪು ಅವರದೇ ಎಂದು ಮೆಮೊ ಕೊಟ್ಟರು. ಬಾಯ್ಲರಿಗೆ ಹೋಗುವ ಇದ್ದಲಿನಿಂದ ಆಗಲೇ ಎತ್ತಿಟ್ಟಿದ್ದ ಇನ್ನೊಂದು ಮಾದರಿಯನ್ನು ಈ ವರ್ಷ ಪರೀಕ್ಷಿಸಿದಾಗ ನಿಜ ತಿಳಿಯಿತು. ನನಗೆ ಬಂದಿದ್ದು ವ್ಯಾಗನ್ನಿನ ಮೇಲ್ಪದರದ ಒಳ್ಳೆಯ ಇದ್ದಲು. ಬಾಯ್ಲರಿಗೆ ಹೋಗಿದ್ದು ಅಡಿಯ ಕಲ್ಲುಮಣ್ಣು ಬೆರೆತದ್ದು. ಅದು ಉರಿದದ್ದಕ್ಕಿಂತ ಬೂದಿಯಾದದ್ದೇ ಹೆಚ್ಚು.

ಬರುತ್ತೇನೆಂದು ಫೋನು ಮಾಡಿದಾಗ ಎತ್ತಿದ್ದು ಅವರ ಹೆಂಡತಿ ಗೌರಮ್ಮ. ಆಕೆಯ ಬಲವಂತಕ್ಕೇ ಇರಬೇಕು, ನಂಜುಂಡಪ್ಪನವರು ಹಳೇಬೀಡಿಗೆ ಸ್ಕೂಟರ್ ತಂದಿದ್ದರು. ಅವರ ಊರು ಮಾದಿಹಳ್ಳಿಯವರೆಗೂ ಮಾತು ಕಡಿಮೆ. ಮನೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಸಿದ್ಧವಿತ್ತು. ತಿನ್ನುವ ಮುಂಚೆಯೇ ಕಾಗದ ಕೊಟ್ಟೆ. ಹೊಸ ವರದಿಯ ಮೇಲೆ ಮೆಮೊ ರದ್ದಾಗಿದೆ ಎಂದು ಅದರಲ್ಲಿತ್ತು.

"ತಪ್ಪು ನನ್ನದು. ಮಾದರಿ ತಂದೋರನ್ನ ಎಲ್ಲಿಂದ ತೆಗೆದ್ರಿ ಅಂತ ನಾನು ಕೇಳಬೇಕಿತ್ತು," ಎಂದೆ.

ಅವರು ಎರಡು ಸಲ ಓದಿದರು. "ಬಾಯ್ಲರ್ ಕಿಂಡೀಲಿ ಬೆಂಕಿ ನೋಡ್ದಾಗ್ಲೇ ನಂಗೆ ಗೊತ್ತಾಗಿತ್ತು ಮೇಡಂ," ಎಂದರು. ಆಮೇಲೆ ಮೆಲ್ಲಗೆ, "ನೀವೇ ಬಂದ್ರಲ್ಲ, ಸಾಕು ಬಿಡಿ."

ಮೆಮೊ ವಿಷಯ ಗೌರಮ್ಮನಿಗೆ ಗೊತ್ತೇ ಇರಲಿಲ್ಲ. ಕಾಗದ ಇಸಿದುಕೊಂಡು ಓದಿ ಗಂಡನನ್ನೇ ನೋಡಿದರು. "ಇದಕ್ಕಾ ನೀವು ಜೊತೆ ಕೆಲಸದೋರಿಗೆ ಫೋನೇ ಮಾಡದೆ ಕೂತಿದ್ದು? ಅವರೇ ನಿಮ್ಮನ್ನ ಮರ್ತ್ರು ಅನ್ಕಂಡಿದ್ದೆ ನಾನು." ನಂಜುಂಡಪ್ಪನವರು ರೊಟ್ಟಿ ಮುರಿದು ಚಟ್ನಿಗೆ ಅದ್ದಿದರು. ಆಕೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟರು.

ಮಧ್ಯಾಹ್ನ ಮೂವರೂ ಆಟೋದಲ್ಲಿ ಹಳೇಬೀಡಿನ ದೇವಸ್ಥಾನಕ್ಕೆ ಹೋದೆವು. ಗೋಡೆಯ ಬುಡದ ಆನೆಸಾಲಿನ ಮುಂದೆ ನಿಂತು ನಂಜುಂಡಪ್ಪನವರು, "ಕಲ್ಲು ಇರ್ಬೇಕಾದ್ದು ಇಲ್ಲಿ ಕಣ್ರೀ, ಬಾಯ್ಲರಲ್ಲಲ್ಲ," ಎಂದರು. ನಗು ತಡೆಯಲಾಗದೆ ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ಬೇಲೂರಿಗೂ ಹೋಗಿಬರೋಣವೆಂದರು, ಹೋದರೆ ಸಂಜೆಯ ರೈಲು ತಪ್ಪುತ್ತಿತ್ತು.

ಅರಸೀಕೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಡಲು ಇನ್ನೂ ಹೊತ್ತಿತ್ತು. ಕೆಳಗೆ ನಿಂತಿದ್ದ ನಂಜುಂಡಪ್ಪನವರು ಜೇಬಿನಿಂದ ಫೋನು ತೆಗೆದು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಕಿವಿಗಿಟ್ಟುಕೊಂಡರು. "ನಾನು ಕಣೋ, ಬಾಯ್ಲರ್ ನಂಜುಂಡ," ಎಂದರು. ಆ ಕಡೆಯವರು ಏನೆಂದರೋ, ಇವರು ಜೋರಾಗಿ ನಕ್ಕರು. ಬಸ್ಸು ಹೊರಟಿದ್ದೂ ಅವರಿಗೆ ತಿಳಿಯಲಿಲ್ಲ. ಇಬ್ಬರ ಪರವಾಗಿಯೂ ಗೌರಮ್ಮನೇ ಕೈ ಬೀಸಿದರು.