ಎದೆಗೆ ಕಟ್ಟಿದ ಮಲ್ಲಿಗೆ

ಸಿಕಂದರಾಬಾದಿನ ಆ ಹೆರಿಗೆ ಆಸ್ಪತ್ರೆಯಲ್ಲಿ ಸುಹಾಸಿನಿಗೆ ಹಾಲಿನಕ್ಕ ಎಂದೇ ಹೆಸರು. ಹೊಸ ಬಾಣಂತಿಯರಿಗೆ ಕೂಸನ್ನು ಎದೆಗೆ ಹಚ್ಚುವುದನ್ನು ಕಲಿಸುವುದು ಅವಳ ಕೆಲಸ. ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಬಂದ ಮನೆತನ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬೀದಿಗಿಳಿದರೆ ಹಿಂದಿ. ಯಾವ ಮಂಚದ ಬಳಿ ನಿಂತರೂ ನಾಲಿಗೆ ತಾನಾಗಿ ಹೊರಳುತ್ತಿತ್ತು. ಅದೊಂದು ಹೆಮ್ಮೆ ಅವಳಿಗಿತ್ತು.

ಕಿಟಕಿ ಪಕ್ಕದ ಮಂಚಕ್ಕೆ ಲಾಲ್ಮುನಿ ಬಂದಳು. ಬಿಹಾರದ ಹುಡುಗಿ. ಗಂಡ ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಕಬ್ಬಿಣ ಕಟ್ಟುವವನು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು, ತೀರ ಸಣ್ಣದು. ಸುಹಾಸಿನಿ ಹಿಂದಿಯಲ್ಲಿ ಬಿಡಿಸಿ ಹೇಳಿದಳು: ಮೊದಲ ಹಳದಿ ಹಾಲು ಚೆಲ್ಲಬೇಡ, ಇಂಥ ಕೂಸಿಗೆ ಅದೇ ಜೀವ. ಲಾಲ್ಮುನಿ ತಲೆಯಾಡಿಸಿದಳು. ಗೋಡೆಯತ್ತ ಹೊರಳಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. "ಕುಡಿಯಿತಾ?" ಎಂದು ಕೇಳಿದಾಗ ಮತ್ತೆ ತಲೆಯಾಡಿಸಿದಳು. ವಾರ್ಡು ತುಂಬಿತ್ತು. ಸುಹಾಸಿನಿ ಮುಂದಿನ ಮಂಚಕ್ಕೆ ನಡೆದಳು.

ಮರುದಿನ ಬೆಳಿಗ್ಗೆ ಬಟ್ಟೆ ಬದಲಿಸುತ್ತಿದ್ದ ಆಯಾ ಗದಿಗೆಮ್ಮ ಕೂಗಿದಳು. "ಅಕ್ಕಾರ, ಲಗೂನ ಬರ್ರಿ. ಕೂಸು ಅಳಾಕೂ ಒಲ್ಲದು. ಅರಿವಿ ನೋಡ್ರಿ, ಒಣಗೇ ಐತಿ."

ದಿಂಬಿನ ಕೆಳಗೆ ಹಳದಿ ಕಲೆಯಾದ ಬಟ್ಟೆಯೊಂದು ಸಿಕ್ಕಿತು. ಲಾಲ್ಮುನಿ ಹಾಲನ್ನೆಲ್ಲ ಅದರಲ್ಲಿ ಹಿಂಡಿದ್ದಳು.

"ಯಾಕೆ ಕುಡಿಸಲಿಲ್ಲ?" ಸುಹಾಸಿನಿ ಕೇಳಿದಳು.

"ನಾದಿನಿ ಬರಬೇಕಲ್ಲ ದೀದಿ. ನಮ್ಮಲ್ಲಿ ಮೊದಲ ಹಾಲಿಗೆ ಮುಂಚೆ ನಾದಿನಿಯೇ ಎದೆ ತೊಳೆಯಬೇಕು, ಅವಳು ತೊಳೆಯದೆ ಹೇಗೆ ಕುಡಿಸಲಿ? ರೈಲು ಹತ್ತಿದ್ದಾಳೆ."

"ನಿನ್ನೆಯೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ."

ಸುಹಾಸಿನಿ ಬೋಗುಣಿಯಲ್ಲಿ ಬೆಚ್ಚನೆ ನೀರು ತರಿಸಿದಳು. "ಇವತ್ತಿಗೆ ನಾನೇ ನಿನ್ನ ನಾದಿನಿ" ಎಂದಳು.

"ಹಂಗಾದ್ರ ಪುಕ್ಕಟೆ ತೊಳೀಬ್ಯಾಡ್ರಿ, ಒಂದ್ ಸೀರಿ ಕೇಳ್ರಿ" ಎಂದಳು ಗದಿಗೆಮ್ಮ. ಎದೆ ತೊಳೆದ ನಾದಿನಿಗೆ ಉಡುಗೊರೆ ಕೊಡುವುದು ಅವರಲ್ಲೂ ರೂಢಿ; ಕನ್ನಡ ತಿಳಿಯದಿದ್ದರೂ ಸೀರೆಯ ಮಾತೆಂದು ಹೊಳೆದು ಲಾಲ್ಮುನಿ ನಕ್ಕಳು. ಆಸ್ಪತ್ರೆಗೆ ಬಂದಮೇಲೆ ಅವಳು ನಕ್ಕಿದ್ದು ಅದೊಂದೇ ಸಲ.

ಹಾಲು ಬಂತು. ಕೂಸಿಗೆ ಚೀಪುವ ತ್ರಾಣ ಇರಲಿಲ್ಲ. ಅದನ್ನು ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಲಾಲ್ಮುನಿ ಬಟ್ಟಲಿಗೆ ಹಿಂಡಿಕೊಟ್ಟಳು, ಸುಹಾಸಿನಿ ಒಯ್ದು ಕೊಟ್ಟು ಬಂದಳು. ಸಂಜೆ ಒಳಗಿನ ನರ್ಸ್ ಬಟ್ಟಲನ್ನು ಒಯ್ದ ಹಾಗೆಯೇ, ತುಂಬಿದ್ದನ್ನೇ, ಸುಹಾಸಿನಿಯ ಕೈಗೆ ಮರಳಿಸಿದಳು.

ನಾದಿನಿ ಬಂದು ಮುಟ್ಟಿದ್ದು ಆಮೇಲೆ. ಕೂಸಿಗೆಂದು ತಂದ ಕರಿಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲೇ ಕುಸಿದು ಕೂತಳು.

ಹಾಲಿಗೆ ಮಾತ್ರ ಕೂಸು ಹೋದ ಸುದ್ದಿ ತಲುಪಿರಲಿಲ್ಲ. ಆಚೆ ಮಂಚದ ಯಾವುದೋ ಕೂಸು ಅತ್ತರೂ ಲಾಲ್ಮುನಿಯ ರವಿಕೆ ನೆನೆಯುತ್ತಿತ್ತು. ಎದೆ ಕಲ್ಲಾಗಿತ್ತು. ಗದಿಗೆಮ್ಮ ಗೇಟಿನ ಹೂವಿನವಳಿಂದ ಮಲ್ಲಿಗೆ ಮಾಲೆ ತಂದಳು. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂಬುದು ಗದಿಗೆಮ್ಮನ ಕಡೆಯ ರೂಢಿ.

ಹೂ ಕಂಡ ಲಾಲ್ಮುನಿ ಮುಡಿಸುತ್ತಾರೆಂದುಕೊಂಡು ತಲೆ ಬಾಗಿಸಿದಳು.

ಕಟ್ಟಲೆಂದು ಮಾಲೆ ಎತ್ತಿಕೊಂಡಿದ್ದ ಸುಹಾಸಿನಿಯ ಕೈ ನಿಂತಿತು. ಈ ಸಲ ಅವಳು ಮಂಚದ ಮೇಲೆ ಕೂತು ಕೇಳಿದಳು: "ನಿಮ್ಮ ಕಡೆ ಹಾಲು ಬತ್ತಿಸಲು ಏನು ಮಾಡುತ್ತಾರಮ್ಮ?"

ಲಾಲ್ಮುನಿ ನೆನೆದ ರವಿಕೆಯ ಮೇಲೆ ಸೆರಗು ಎಳೆದುಕೊಂಡಳು.

"ಗೊತ್ತಿಲ್ಲ ದೀದಿ. ಕುಡಿಸುವುದನ್ನಷ್ಟೇ ಹೇಳಿ ಕಳಿಸಿದ್ದರು."