ಪರಮಪ್ರಸಾದಕ್ಕೆ ಮುಂಚಿನ ಗಂಜಿ

ಚಿನ್ನದ ಗಣಿಯ ಊರು ಉರಿಗಾಂನಲ್ಲಿ, ಗಣಿ ಕಾರ್ಮಿಕರ ಸಾಲುಮನೆಗಳಿರುವ ನಮ್ಮ ಲೈನಿನ ಎದುರು ಮನೆಯ ಅಜ್ಜಿಯನ್ನು ಎಲ್ಲರೂ ತಮಿಳಿನಲ್ಲಿ ಪಾಟ್ಟಿ ಎಂದೇ ಕರೆಯುತ್ತೇವೆ. ಸೊಂಟ ಮುರಿದ ಮೇಲೆ ಅವರಿಗೆ ಚರ್ಚಿಗೆ ಬರಲಾಗುವುದಿಲ್ಲ. ತಿಂಗಳ ಮೊದಲ ಶುಕ್ರವಾರ ಫಾದರ್ ಅವರೇ ರೋಗಿಗಳ ಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ತರುತ್ತಾರೆ. ಒಮ್ಮೆ ಒಂದು ತಿಂಗಳು ಫಾದರಿಗೇ ಜ್ವರ ಬಂದು ಅದು ತಪ್ಪಿತು. ಹಾಗಾಗಿ ಪಾಟ್ಟಿ ಎರಡು ತಿಂಗಳಿಂದ ಆ ಒಂದು ಬೆಳಗಿಗಾಗಿ ಕಾದಿದ್ದರು.

ಆ ಶುಕ್ರವಾರಕ್ಕೆ ಮುಂಚಿನ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹೆಂಗಸರನ್ನೆಲ್ಲ ಕೂರಿಸಿ, ಧರ್ಮಸಭೆಯ, ಅಂದರೆ ನಮ್ಮ ಚರ್ಚಿನ, ಮೂಲ ಕೆಲಸಗಳು ನಾಲ್ಕು ಎಂದು ಬೋರ್ಡಿನ ಮೇಲೆ ಬರೆದಿದ್ದರು: ಶುಭಸಂದೇಶಕ್ಕೆ ಸಾಕ್ಷಿಯಾಗುವುದು, ಆರಾಧನೆ, ಸೇವೆ, ಒಟ್ಟಾಗಿ ಬಾಳುವುದು. ಯಾರಿಗೆ ಯಾವುದಾಗುತ್ತದೋ ಅದಕ್ಕೆ ಹೆಸರು ಕೊಡಿ ಎಂದರು. ನಾನು ಆರಾಧನೆಗೆ ಕೊಟ್ಟೆ. ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಹೂವಿಡುವುದು ನನಗೆ ಬರುತ್ತದೆ. ಸೇವೆಯೆಂದರೆ ಆಸ್ಪತ್ರೆ, ಶಾಲೆ ನಡೆಸುವ ದೊಡ್ಡವರದು ಅಂದುಕೊಂಡಿದ್ದೆ.

ಶುಕ್ರವಾರ ಏಳಕ್ಕೇ ಪಾಟ್ಟಿಯ ಮನೆಗೆ ಹೋದೆ. ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಮೇಣದ ಬತ್ತಿ ಇಡಬೇಕಿತ್ತು. ಫಾದರ್ ಬರುವುದು ಒಂಬತ್ತಕ್ಕೆ. ನೋಡಿದರೆ ಪಾಟ್ಟಿ ಬೆವತು ನಡುಗುತ್ತಿದ್ದಾರೆ, ಮಾತು ತೊದಲುತ್ತಿದೆ. ಸಕ್ಕರೆ ಕಾಯಿಲೆಯವರು, ಹಿಂದಿನ ರಾತ್ರಿಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ; ಮೈಯಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು. ಅವರ ಕಾಲದ ಕಟ್ಟುಪಾಡು ಅದು: ಪ್ರಸಾದ ತೆಗೆದುಕೊಳ್ಳುವವರು ರಾತ್ರಿಯಿಂದಲೇ ಉಪವಾಸ. ಈಗ ಒಂದು ಗಂಟೆ ಸಾಕು ಎಂದು ಎಷ್ಟು ಸಲ ಹೇಳಿದರೂ ಕೇಳಿದವರಲ್ಲ.

ನಾಲಿಗೆಗೆ ಸಕ್ಕರೆ ಸವರಿ, ಮನೆಗೆ ಓಡಿ, ಒಲೆಯ ಮೇಲಿದ್ದ ರಾಗಿ ಗಂಜಿಗೆ ಬೆಲ್ಲ ಹಾಕಿ ತಂದೆ. ಬಿಸಿ ಎಷ್ಟಿದೆಯೆಂದು ನಾನೊಂದು ಚಮಚ ಕುಡಿದು ನೋಡಿ, ನಿಧಾನವಾಗಿ ಅವರಿಗೆ ಕುಡಿಸಿದೆ. ಕಣ್ಣಿಗೆ ಕಳೆ ಬಂತು. ಅರಿವು ಮರಳಿದ ಕೂಡಲೇ ಪಾಟ್ಟಿ ಲೋಟ ನೋಡಿದರು.

"ಏನೇ ಕುಡಿಸ್ದೆ ನಂಗೆ?"

"ಗಂಜಿ, ಪಾಟ್ಟಿ."

"ಅಯ್ಯಯ್ಯೋ! ಎರಡ್ ತಿಂಗ್ಳು ಕಾದಿದ್ದೆನಲ್ಲೇ, ಎಲ್ಲಾ ಕೆಡಿಸ್ಬಿಟ್ಟೆಯಲ್ಲೇ!" ಎಂದು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು.

ಬೂದಿಕೋಟೆ ಕಡೆಯ ಹಾಲಿನವಳು ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. "ಅಲ್ಲ ಕಣಜ್ಜಿ, ಕಾಯ್ಲೆ ಬಿದ್ದೋರ್ಗೂ ಉಪಾಸ್ವಾ? ನಿಮ್ ದೇವ್ರು ಅಂಗೆಲ್ಲ ಕ್ಯಾತೆ ತೆಗ್ಯಾಕಿಲ್ಲ ಬುಡು."

"ಹಾಲ್ ಹಾಕ್ಬಿಟ್ಟು ಹೋಗೇ! ನಮ್ ದೇವ್ರು ನಿಂಗೇನ್ ಗೊತ್ತು?"

ಫಾದರ್ ಬರುವ ಹೊತ್ತಿಗೆ ಒಂದು ಗಂಟೆಯಾದರೂ ಕಳೆದಿರುತ್ತದೆ ಎಂದು ಸಮಾಧಾನ ಹೇಳುತ್ತಿದ್ದೆ, ಅಷ್ಟರಲ್ಲೇ ಸ್ಕೂಟರ್ ಸದ್ದು. ಮೊದಲು ಹೋಗಬೇಕಿದ್ದ ಮನೆಯ ರೋಗಿ ಆಸ್ಪತ್ರೆಗೆ ಸೇರಿದ್ದರಿಂದ ಫಾದರ್ ಇಲ್ಲಿಗೇ ಬಂದುಬಿಟ್ಟಿದ್ದರು. ಲೋಟ ಕೆಳಗಿಟ್ಟು ಎದ್ದೆ. ತಪ್ಪು ನನ್ನದು ಫಾದರ್, ಪಾಟ್ಟಿಗೆ ಗೊತ್ತಾಗದೆ ಕುಡಿಸಿಬಿಟ್ಟೆ ಎಂದೆ.

"ರೋಗಿಗಳಿಗೆ, ವಯಸ್ಸಾದೋರಿಗೆ ಆ ನಿಯಮವೇ ಇಲ್ಲಮ್ಮಾ," ಎಂದರು ಫಾದರ್. "ಪಾಟ್ಟಿ, ನೀವು ಈಗ್ತಾನೆ ಊಟ ಮಾಡಿದ್ರೂ ತಗೋಬಹುದು."

"ನಾ ಏಳ್ಲಿಲ್ವಾ!" ಎಂದಳು ಹಾಲಿನವಳು.

ಪಾಟ್ಟಿ ಸೆರಗಿನಿಂದ ಬಾಯಿ ಒರೆಸಿಕೊಂಡು ನಾಲಿಗೆ ಚಾಚಿದರು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆಮೇಲೆ ಫಾದರ್ ಇನ್ನೊಂದು ಪ್ರಸಾದ ಹಿಡಿದು ನನ್ನ ಕಡೆ ತಿರುಗಿದರು. ನಾನು ಹಿಂದೆ ಸರಿದೆ.

"ಬೇಡ ಫಾದರ್, ನಾನೂ ಒಂದ್ ಚಮಚ ಕುಡಿದಿದೀನಿ."

"ರೋಗಿಗಳನ್ನ ನೋಡ್ಕೊಳ್ಳೋರಿಗೂ ವಿನಾಯಿತಿ ಇದೆ. ಧರ್ಮಸಭೆಯ ಕಾನೂನಲ್ಲೇ ಬರೆದಿದೆ."

ಎಲ್ಲೋ ದೂರದಲ್ಲಿ ಕೂತು ಕಾನೂನು ಬರೆದವರಿಗೆ, ಗಂಜಿ ಕುಡಿಸುವವಳ ನೆನಪೂ ಬಂದಿತ್ತಲ್ಲ! ನಾನು ಮೊಣಕಾಲೂರಿದೆ. ಹಾಲಿನವಳು ತಲೆಯ ಮೇಲೆ ಸೆರಗು ಹೊದ್ದು, ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದಳು. ಅವತ್ತು ಆ ಪುಟ್ಟ ಕೋಣೆಯಲ್ಲಿ ನಡೆದದ್ದು ಬೋರ್ಡಿನ ನಾಲ್ಕರಲ್ಲಿ ಯಾವುದೆಂದು ನನಗೆ ಇನ್ನೂ ಬಿಡಿಸಿ ಹೇಳಲಾಗದು.

ಫಾದರ್ ಬರೆದುಕೊಂಡ ಪಟ್ಟಿಯಲ್ಲಿ ನನ್ನ ಹೆಸರು ಈಗಲೂ ಆರಾಧನೆಯ ಕೆಳಗೇ ಇದೆ. ಮೊದಲ ಶುಕ್ರವಾರ ಬಿಳಿ ಬಟ್ಟೆಯ ಜೊತೆ ಗಂಜಿಯನ್ನೂ ಒಯ್ಯುತ್ತೇನೆ. ಪಾಟ್ಟಿ ಗೊಣಗುತ್ತಲೇ ಲೋಟ ಖಾಲಿ ಮಾಡುತ್ತಾರೆ.

"ಫಾದರ್ ಹೇಳಿದ್ದಕ್ಕೆ ಕುಡೀತಿದೀನಿ ಕಣೇ, ನೀನು ಹೇಳಿದ್ದಕ್ಕಲ್ಲ."