ಚೌರಿಯಕ್ಕನ ತಪ್ಪು ಅಳತೆ

ನಮ್ಮ ಬೀದಿಯಲ್ಲಿ ಹಗಲುಹೊತ್ತಿನಲ್ಲೇ ಜನರಿಗೆ ಟೋಪಿ ಹಾಕಿ ಬದುಕುವವಳು ಒಬ್ಬಳೇ, ಅವಳು ನನ್ನ ಪಕ್ಕದ ಅಂಗಡಿಯವಳು ಎಂದು ಬಂದವರಿಗೆಲ್ಲ ನಾನು ಹೇಳುತ್ತಿದ್ದೆ. ಅವಳಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ ಅಷ್ಟೇ. "ಮೊದಲು ನಿನ್ನ ಬಾಯಿಗೆ ನಾಲ್ಕು ಹೊಲಿಗೆ ಹಾಕ್ಕೊಳ್ಳೇ" ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ನಾನು ದರ್ಜಿ. ಅವಳು ತಲೆಗೆ ಹಾಕುವ ವಿಗ್ ಮಾಡುವವಳು. ಕ್ಯಾನ್ಸರ್ ಆಸ್ಪತ್ರೆಯ ಹಿಂದಿನ ಗೇಟು ನಮ್ಮ ಬೀದಿಗೇ ತೆರೆಯುವುದರಿಂದ ಅವಳ ಕೈಗೆ ಕೆಲಸ ತಪ್ಪುತ್ತಿರಲಿಲ್ಲ. ಎಲ್ಲರೂ ಅವಳನ್ನು ಚೌರಿಯಕ್ಕ ಎಂದೇ ಕರೆಯುತ್ತಿದ್ದರು.

ಅವಳ ಅಂಗಡಿಯ ಗೋಡೆಯುದ್ದಕ್ಕೂ ಮರದ ತಲೆಗಳು. ಕಣ್ಣಿಲ್ಲ, ಮೂಗಿಲ್ಲ, ಬರೀ ಬುರುಡೆಗಳು. ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ಒಂದು ಮಂಚ, ಒಂದು ಒಲೆ, ಒಂದು ತಟ್ಟೆ. ಅದೇ ಅವಳ ಮನೆ. ಮಧ್ಯಾಹ್ನ ಆ ಬುರುಡೆಗಳ ಕಡೆ ಮುಖ ಮಾಡಿಕೊಂಡು ಊಟ ಮಾಡುತ್ತಿದ್ದಳು. "ನಮ್ಮಲ್ಲಿಗೆ ಬಂದು ಉಣ್ಣಬಾರದಾ, ಅದೇನು ದೆವ್ವಗಳ ಜೊತೆ ಪಂಕ್ತಿ?" ಎಂದು ನಾನು ರೇಗಿದರೆ, "ಇವಕ್ಕೆ ನಿನ್ನ ಹಾಗೆ ಬಾಯಿಲ್ಲ, ನೆಮ್ಮದಿ" ಎನ್ನುತ್ತಿದ್ದಳು. ಹಾಗೆಂದು ಒಂದು ತುತ್ತು ತಿಂದು ಎಷ್ಟೋ ಹೊತ್ತು ತಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು. 

ಅವಳ ಕೆಲಸದತ್ತ ಮಾತ್ರ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ತೆಳುವಾದ ಬಲೆಗೆ ಸಣ್ಣ ಕೊಕ್ಕೆಯಿಂದ ಒಂದೊಂದೇ ಕೂದಲು ಗಂಟು ಹಾಕುವುದು. ಔಷಧಿ ಶುರುವಾಗುವ ಮೊದಲೇ, ತಲೆತುಂಬ ಸ್ವಂತ ಕೂದಲಿರುವಾಗಲೇ ಬನ್ನಿ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆಗ ಬಣ್ಣ ನೋಡಬಹುದು, ಗುಂಗುರು ನೋಡಬಹುದು, ಬೈತಲೆ ಎಲ್ಲಿ ಒಡೆಯುತ್ತದೆ ನೋಡಬಹುದು. ಕೂದಲು ಉದುರಿದ ಮೇಲೆ ಬಂದರೆ ಎಲ್ಲ ಅಂದಾಜಿನ ಕೆಲಸ.

ಇಷ್ಟು ಮಾಡಿದರೂ ಒಬ್ಬರೂ ಅವಳ ಬಳಿಗೆ ತಿರುಗಿ ಬರುತ್ತಿರಲಿಲ್ಲ. ಗುಣವಾದವರು ಬರುತ್ತಿರಲಿಲ್ಲ, ಗುಣವಾಗದವರು ಹೇಗೂ ಬರುವಂತಿಲ್ಲ. ಹಾಗಾಗಿ ಯಾರು ಏನಾದರು ಎನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ನಾವಿಬ್ಬರೂ ತರಕಾರಿ ಕೊಳ್ಳುವಾಗ ಸೊಂಪಾಗಿ ಕೂದಲು ಬೆಳೆದ ಹೆಂಗಸೊಬ್ಬಳು ಇವಳನ್ನು ಕಂಡು ಸರಕ್ಕನೆ ಮುಖ ತಿರುಗಿಸಿ ಬೇರೆ ಸಾಲಿಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. "ಬಿಡೇ," ಎಂದಳು ಚೌರಿಯಕ್ಕ. "ನನ್ನ ಮುಖ ನೋಡಿದ್ರೆ ಅವಳಿಗೆ ಆ ದಿನಗಳು ನೆನಪಾಗ್ತವೆ. ಬದುಕಿದ್ದಾಳಲ್ಲ, ಸಾಕು." ಆದರೂ ಅವಳು ಆ ಹೆಂಗಸು ಹೋದ ಕಡೆಗೇ ನೋಡುತ್ತಿದ್ದಳು. ಕೊಂಡ ಸೊಪ್ಪನ್ನು ಅಲ್ಲೇ ಮರೆತು ಬಂದಳು.

ನನಗೆ ಅವಳ ಮೇಲೆ ಇದ್ದ ದೂರು ಒಂದೇ. ವಯಸ್ಸಾದವರ ತಲೆಯ ಅಳತೆಯನ್ನು ಒಂದೇ ಸಲಕ್ಕೆ ಸರಿಯಾಗಿ ತೆಗೆಯುವವಳು, ಹರೆಯದ ಹುಡುಗಿಯರು ಬಂದರೆ ಸಾಕು, ತಪ್ಪು ಮಾಡುತ್ತಿದ್ದಳು. ಅವರ ಜೊತೆ ತಾಯಿಯೋ ಅತ್ತೆಯೋ ಗಂಡನೋ ಇದ್ದೇ ಇರುತ್ತಿದ್ದರು. ಅವರೆಲ್ಲ ಹೊರಡುವ ಹೊತ್ತಿಗೆ, "ಅಯ್ಯೋ, ಅಳತೆ ತಪ್ಪಿ ಹೋಯ್ತಲ್ಲ ಮಗಳೇ, ನಾಳೆ ಇನ್ನೊಂದು ಸಲ ಬಾ. ನೀನೊಬ್ಬಳೇ ಬಂದ್ರೂ ಸಾಕು" ಎನ್ನುತ್ತಿದ್ದಳು. ದರ್ಜಿಯಾದ ನನಗೆ ಇದನ್ನು ಕೇಳಿದರೆ ನಾಚಿಕೆ. ಕನ್ನಡಕ ಹಾಕಿಕೋ, ಇಲ್ಲವೇ ಟೇಪು ನನಗೆ ಕೊಡು ಎಂದು ಎಷ್ಟೋ ಸಲ ಜಗಳವಾಡಿದ್ದೆ. ಮಾತಿಗೆ ಮಾತು ಕೊಡುವವಳು ಇದೊಂದಕ್ಕೆ ಮಾತ್ರ ಟೇಪು ಸುತ್ತಿಟ್ಟು ಪರದೆಯ ಹಿಂದೆ ಹೋಗಿಬಿಡುತ್ತಿದ್ದಳು.

ಒಂದು ದಿನ ಕರೆಂಟು ಹೋಗಿ ನನ್ನ ಮಿಷನ್ನು ನಿಂತಿತ್ತು. ಅಳತೆ ತಪ್ಪಿದ ಹುಡುಗಿಯೊಬ್ಬಳು ಆ ಕಡೆ ಒಬ್ಬಳೇ ಬಂದು ಕೂತಿದ್ದಳು. ಹಲಗೆಯ ಮೂಲಕ ಎಲ್ಲ ಸ್ಪಷ್ಟವಾಗಿ ಕೇಳಿಸಿತು.

"ಮುಂದೆ ಮಕ್ಕಳ ವಿಷಯ ಏನು ಅಂತ ಡಾಕ್ಟ್ರು ನಿನ್ನ ಕೇಳಿದ್ರಾ ಮಗಳೇ? ಕೇಳಿಲ್ಲ ಅಂದ್ರೆ ನೀನೇ ಕೇಳು. ಈ ಔಷಧಿ ಕೆಲವರಿಗೆ ಗರ್ಭ ನಿಲ್ಲದ ಹಾಗೆ ಮಾಡಿಬಿಡುತ್ತೆ. ಮುಂಚೇನೇ ಅಂಡಾಣು ತೆಗೆದು ಹೆಪ್ಪುಗಟ್ಟಿಸಿ ಇಡ್ತಾರೆ. ಎಲ್ಲರಿಗೂ ಆಗಲ್ಲ, ನಿಂಗಾಗುತ್ತೋ ಇಲ್ವೋ ನಂಗೊತ್ತಿಲ್ಲ, ಅದನ್ನ ಅವರೇ ಹೇಳ್ಬೇಕು. ಆದ್ರೆ ಕೇಳೋದಿದ್ರೆ ಈಗ್ಲೇ ಕೇಳ್ಬೇಕು."

ಅಂದು ಸಂಜೆ ಅಂಗಡಿ ಮುಚ್ಚುವಾಗ ನಾನು ಅವಳನ್ನು ಬಿಡಲಿಲ್ಲ. ಆಗ ಹೇಳಿದಳು. ಮದುವೆಯಾದ ಹೊಸತರಲ್ಲೇ ಅವಳಿಗೂ ಇದೇ ಕಾಯಿಲೆ ಬಂದಿತ್ತಂತೆ. ಅವಳ ಸುತ್ತ ಮನೆಮಂದಿಯೆಲ್ಲ ನಿಂತು ಜೀವ ಉಳಿಸಿ ಎಂದಿದ್ದರು. ವೈದ್ಯರು ಉಳಿಸಿದರು. ಆಮೇಲೆ ಗಂಡ ಹೆಂಡತಿ ಮಗುವಿಗಾಗಿ ವರ್ಷಗಟ್ಟಲೆ ಕಾದರು. ಕೊನೆಗೆ ಬೇರೊಂದು ಊರಿನ ಡಾಕ್ಟರು, "ಚಿಕಿತ್ಸೆಗೆ ಮುಂಚೆ ಏನೂ ತೆಗೆದಿಡಿಸಲಿಲ್ವಾ?" ಎಂದು ಪೆನ್ನು ಮುಚ್ಚುತ್ತ ಕೇಳಿದರಂತೆ. ಹಾಗೊಂದು ದಾರಿ ಇತ್ತು ಎಂಬುದು ಅವಳಿಗೆ ತಿಳಿದದ್ದೇ ಆಗ. ಗಂಡ ಇನ್ನೊಂದೆರಡು ವರ್ಷ ಇದ್ದು ಹೊರಟುಹೋದ. "ಕೆಟ್ಟವನೇನಲ್ಲ. ಅವನಿಗೀಗ ಇಬ್ಬರು ಮಕ್ಕಳು" ಎಂದಳು.

"ಅಡುಗೆ ಆದ ಮೇಲೆ ಒಲೆ ಉರೀತು ನನ್ನ ಪಾಲಿಗೆ. ಈ ಹುಡುಗೀರಿಗೆ ಹಾಗಾಗಬಾರ್ದು. ಮನೆಯವರ ಮುಂದೆ ಕೇಳಿದ್ರೆ ಮನೆಯವರೇ ಉತ್ತರ ಕೊಡ್ತಾರೆ. ಅದಕ್ಕೇ ಅಳತೆ ತಪ್ಪೋದು."

ಆಮೇಲೆ ನಾನು ಅವಳ ಅಳತೆಯ ಬಗ್ಗೆ ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡಲಿಲ್ಲ ಎಂದರೆ ಬೀದಿಯವರು ಈಗಲೂ ನಂಬುವುದಿಲ್ಲ.

ಹೀಗಿರುವಾಗ ಸೋದರತ್ತೆಯೊಬ್ಬಳು ಬಂದಳು. ಜೊತೆಗೆ ಕಡ್ಡಿಯಂಥ, ಗುಂಗುರು ಕೂದಲಿನ ಹುಡುಗಿ, ಅವಳ ಅಣ್ಣನ ಮಗಳು. ತಾಯಿಯಿಲ್ಲದ ಮಗುವನ್ನು ಈ ಅತ್ತೆಯೇ ಸಾಕಿದ್ದು. ಹೆಸರು ಕೇಳಿದರೂ ಅತ್ತೆಯೇ ಹೇಳಿದಳು, ಬೈತಲೆ ಎಲ್ಲಿ ಎಂದರೂ ಅತ್ತೆಯೇ ತೋರಿಸಿದಳು. "ನಮ್ಮ ಹುಡುಗಿಗೆ ಏನೂ ಗೊತ್ತಾಗಲ್ಲ ಪಾಪ, ನನ್ನನ್ನೇ ಕೇಳಿ." ಅಳತೆ ತಪ್ಪಿತು. ಮಾರನೆಯ ದಿನವೂ ಅತ್ತೆ ಜೊತೆಗೇ ಬಂದಳು. ಮತ್ತೆ ತಪ್ಪಿತು. ಮೂರನೆಯ ದಿನ, "ಏನ್ರೀ ಇದು, ತಲೆ ಅಳೀತಿದೀರೋ ಊರು ಅಳೀತಿದೀರೋ? ಸೋಮವಾರ ಕೀಮೋ ಶುರು" ಎಂದು ಅವಳು ಕೂಗಿದ್ದು ನನ್ನ ಅಂಗಡಿಗೆ ಕೇಳಿಸಿತು.  ಹಲಗೆಯ ಆ ಕಡೆ ಚೌರಿಯಕ್ಕ ಟೇಪು ಹಿಡಿದು ದಿಕ್ಕು ತೋಚದೆ ನಿಂತಿರುವುದು ನನಗೆ ಕಾಣದೆಯೂ ಕಂಡಿತು.

ನಾನು ಎದ್ದು ಹೋದೆ. "ಅಲ್ಲಾ ತಾಯಿ, ಈ ರವಿಕೆ ತೋಳು ಹೊಲಿದ ಪುಣ್ಯಾತ್ಮ ಯಾರು? ಇಷ್ಟು ಬಿಗಿ! ರಕ್ತ ಓಡಾಡೋದು ಬೇಡ್ವಾ? ಬನ್ನಿ ಬನ್ನಿ, ಬಿಚ್ಚಿ ಸರಿ ಮಾಡ್ತೀನಿ, ನನಗೇನೂ ಕೊಡಬೇಡಿ" ಎಂದು ಅತ್ತೆಯ ರಟ್ಟೆ ಹಿಡಿದು ಎಳೆದುಕೊಂಡೇ ಬಂದೆ. ಬಿಟ್ಟಿ ಎಂದರೆ ಯಾರು ಬಿಡುತ್ತಾರೆ? ಅವಳನ್ನು ಹಲಗೆಯಿಂದ ದೂರ, ಅಳತೆ ನೋಡುವ ಪರದೆಯ ಹಿಂದೆ ಕೂರಿಸಿ ರವಿಕೆ ಈಸಿಕೊಂಡೆ. ತೋಳು ಸರಿಯಾಗಿಯೇ ಇತ್ತು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಆ ಕಡೆಯ ಮಾತು ನನಗೆ ಕೇಳಲೆಂದು ಮಿಷನ್ನನ್ನು ಮಾತ್ರ ಮೆಲ್ಲಗೆ ಓಡಿಸಿದೆ.

"ನಂಗಿನ್ನೂ ಮದುವೇನೇ ಆಗಿಲ್ಲ ಅಕ್ಕಾ" ಎನ್ನುತ್ತಿದ್ದಳು ಹುಡುಗಿ.

"ಮದುವೆ ಮಾತಲ್ಲ ಕಣೇ ಇದು. ನಿನ್ನ ಮಾತು. ಬೇಕು ಅಂತಾದ್ರೂ ನೀನೇ ಹೇಳು, ಬೇಡ ಅಂತಾದ್ರೂ ನೀನೇ ಹೇಳು. ಆದ್ರೆ ಸೋಮವಾರಕ್ಕೆ ಮುಂಚೆ ಹೇಳು."

 ಅಳತೆ ಸರಿಯಾಯಿತು. ಅತ್ತೆ ಸಡಿಲವಾದ ತೋಳನ್ನು ಬೀಸುತ್ತ ಅವಳನ್ನು ಕರೆದುಕೊಂಡು ಹೋದಳು. ವಿಗ್ ಸಿದ್ಧವಾದಾಗ ಒಯ್ಯಲು ಬಂದವನು ಯಾರೋ ಆಟೋದವನು.

ಅವಳು ಕೇಳಿದಳೋ ಇಲ್ಲವೋ? ಚೌರಿಯಕ್ಕನಿಗೆ ಅದೊಂದೇ ಕೊರಗಾಯಿತು. ಗೇಟಿನ ಕಡೆ ನೋಡುವುದು, ನಿಟ್ಟುಸಿರು ಬಿಡುವುದು. ಕೊಕ್ಕೆ ಹಿಡಿದ ಕೈ ನಿಲ್ಲಿಸಿ, "ಕೇಳಿರ್ತಾಳೆ ಅಲ್ವೇನೇ?" ಎಂದು ಹಲಗೆಯ ಆಚೆಯಿಂದ ಕೂಗುವುದು. "ಕೇಳಿರ್ತಾಳೆ, ಕೇಳಿರ್ತಾಳೆ" ಎಂದು ನಾನು ಸೂಜಿ ಕಚ್ಚಿಕೊಂಡೇ ಹೇಳುವುದು. ಹೋಗುತ್ತ ಹೋಗುತ್ತ ಅವಳ ಲೆಕ್ಕದಲ್ಲಿ ಆ ಹುಡುಗಿಗೆ ಮದುವೆಯೂ ಆಯಿತು, ಮಗುವೂ ಆಯಿತು. "ಹೆಣ್ಣಾಗಿದ್ರೆ ಅದಕ್ಕೂ ಆ ಗುಂಗುರು ಕೂದಲೇ ಬಂದಿರುತ್ತೆ ನೋಡು" ಎಂದಳು ಒಮ್ಮೆ. ಇವಳಿಗೇನಾದರೂ ತಲೆ ಕೆಟ್ಟಿತಾ ಎಂದು ನನಗೆ ಭಯವಾಯಿತು. 

ಕೆಲವು ವರ್ಷಗಳ ಮೇಲೆ ಆ ಹುಡುಗಿ ಬಂದೇ ಬಂದಳು. ತಿರುಗಿ ಬಂದವಳು ಅವಳೊಬ್ಬಳೇ. ತಲೆತುಂಬ ಗುಂಗುರು, ಮೈ ತುಂಬಿಕೊಂಡಿದ್ದಾಳೆ, ಕೈಯಲ್ಲಿ ವಿಗ್ಗಿನ ಡಬ್ಬ. ಯಾರಿಗಾದರೂ ಆಗಲಿ ಎಂದು ಕೊಡಲು ಬಂದಿದ್ದಳು. ನಾನೂ ಕತ್ತರಿ ಎಸೆದು ಓಡಿಹೋದೆ. ಚೌರಿಯಕ್ಕ ಅವಳ ಕೆನ್ನೆ ಮುಟ್ಟಿದಳು, ಕೂದಲು ಮುಟ್ಟಿದಳು, ಬಾಗಿಲಾಚೆ ಯಾರಾದರೂ ಇದ್ದಾರಾ ಎಂದು ಇಣುಕಿದಳು. ಯಾರೂ ಇರಲಿಲ್ಲ.

"ಕೇಳಿದೆ ಅಕ್ಕಾ," ಎಂದಳು ಹುಡುಗಿ ತಾನಾಗಿಯೇ. "ಡಾಕ್ಟ್ರು ಕೂರಿಸಿಕೊಂಡು ಎಲ್ಲ ಹೇಳಿದ್ರು. ಬೇಕಾದ್ರೆ ಎರಡು ವಾರ ಕೀಮೋ ಮುಂದೆ ಹಾಕಬಹುದು ಅಂದ್ರು. ಅತ್ತೆ ತಕ್ಷಣ, ಮಾಡಿ ಡಾಕ್ಟ್ರೇ, ಮಾಡಿಬಿಡಿ ಅಂತ ಅಳೋಕೆ ಶುರು ಮಾಡಿದ್ರು. ಡಾಕ್ಟ್ರು ಅವರನ್ನ ಹೊರಗೆ ಕೂರಿಸಿ ನನ್ನೇ ಕೇಳಿದ್ರು. ನಾನು ಬೇಡ ಅಂದೆ."

ಚೌರಿಯಕ್ಕನ ಕೈ ಅವಳ ತಲೆಯ ಮೇಲೆಯೇ ನಿಂತಿತು.

"ನಂಗೆ ಚಿಕ್ಕಂದಿನಿಂದ್ಲೂ ಮಕ್ಕಳು ಬೇಕು ಅನ್ನಿಸಿದ್ದೇ ಇಲ್ಲ ಅಕ್ಕಾ. ಯಾರೂ ಕೇಳಿರ್ಲಿಲ್ಲ, ನಾನೂ ಹೇಳಿರ್ಲಿಲ್ಲ. ಅವತ್ತು ಎರಡು ಸಲ ಕೇಳಿದ್ರು. ಎರಡು ಸಲಾನೂ ನಾನೇ ಹೇಳಿದೆ. ನಿಮಗೆ ಬೇಜಾರಾಯ್ತಾ?"

"ಛೆ, ಬೇಜಾರ್ಯಾಕೆ? ಕೇಳಿದ್ರಲ್ಲ. ಅಷ್ಟೇ ಬೇಕಾಗಿದ್ದು" ಎಂದು ಚೌರಿಯಕ್ಕ ನಕ್ಕಳು. ಹುಡುಗಿ ಗೇಟಿನ ತಿರುವು ದಾಟುವವರೆಗೂ ನಗುತ್ತಲೇ ಕೈ ಬೀಸಿದಳು.

ಆಮೇಲೆ ಒಳಗೆ ಹೋಗಿ ಬುರುಡೆಗಳ ಕಡೆ ಮುಖ ಮಾಡಿ ಕೂತಳು. ನಾನು ಎರಡು ಲೋಟ ಟೀ ತಂದೆ. ಅವಳದ್ದು ಆರಿಹೋಯಿತು. ಇಷ್ಟು ದಿನ ಅವಳ ಮನಸ್ಸಿನಲ್ಲಿ ಆಡುತ್ತಿದ್ದ ಆ ಗುಂಗುರು ಕೂದಲಿನ ಮಗು ಇನ್ನಿಲ್ಲ ಎಂಬುದು ನನಗೂ ಅರ್ಥವಾಗಿತ್ತು.

"ಅವಳು ಮಾಡಿದ್ದೇ ಸರಿ," ಎಂದಳು. "ಯಾರಿಗ್ಗೊತ್ತು, ನಾನೂ ಅವತ್ತು ಬೇಡ ಅಂತಿದ್ದೆನೇನೋ. ಕೇಳಿದ್ರೆ ತಾನೇ ಗೊತ್ತಾಗೋದು? ನನ್ನ ಯಾರೂ ಕೇಳ್ಲೇ ಇಲ್ವಲ್ಲೇ."

ನನಗೆ ಸಮಾಧಾನದ ಮಾತು ಬರುವುದಿಲ್ಲ. ಬರುವುದೆಲ್ಲ ಜಗಳದ ಮಾತು. ಅವಳೆದುರು ಸ್ಟೂಲು ಎಳೆದು ಕೂತೆ. "ನಾನು ಕೇಳ್ತೀನಿ ಈಗ. ನಾನೇ ಡಾಕ್ಟ್ರು ಅಂದ್ಕೋ. ನಿನ್ನ ಗಂಡ, ಅತ್ತೆ, ಅಪ್ಪ ಅಮ್ಮ ಎಲ್ಲರನ್ನೂ ಹೊರಗೆ ಕಳಿಸಿದೀನಿ. ಹೇಳಕ್ಕಾ. ನಿಂಗೆ ಮಗು ಬೇಕಾ, ಬೇಡ್ವಾ?"

ಹುಚ್ಚಿ, ಎಂದು ಬಯ್ಯುತ್ತಾಳೆಂದುಕೊಂಡೆ. ಅವಳು ಮಡಿಲಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬೇಕು" ಎಂದಳು.